ಕೊಟ್ರವ್ವನ ಹೊಲಿಗೆ

ತುಂಗಭದ್ರೆಯ ದಂಡೆಯಲ್ಲಿ ಒಬ್ಬ ಅಂಬಿಗಿತ್ತಿ ಇದ್ದಳು. ಹೆಸರು ಕೊಟ್ರವ್ವ. ನಲವತ್ತು ವರ್ಷ ಹರಿಗೋಲು ಹಾಕಿ, ಈ ದಡದವರನ್ನು ಆ ದಡಕ್ಕೆ, ಆ ದಡದವರನ್ನು ಈ ದಡಕ್ಕೆ ದಾಟಿಸಿದವಳು. ಅವಳಿಗೆ ಈಜು ಮಾತ್ರ ಬರುತ್ತಿರಲಿಲ್ಲ.

ನೀವು ನಗಬಹುದು. ಊರವರೂ ನಗುತ್ತಿದ್ದರು, ಅವರ ಜೊತೆ ಅವಳೂ ನಗುತ್ತಿದ್ದಳು.

"ಯವ್ವಾ, ಇಷ್ಟು ವರ್ಷ ನೀರಿನ ಮ್ಯಾಲೆ ಬದುಕಿದಿ. ಈಜು ಯಾಕ ಕಲೀಲಿಲ್ಲ?" ಎಂದು ಯಾರು ಕೇಳಿದರೂ ಅವಳದು ಒಂದೇ ಉತ್ತರ.

"ಈಜು ಕಲಿತರ ಹೊಲಿಗಿ ಸಡಿಲ ಆಗ್ತೈತಿ."

ಹರಿಗೋಲು ಅಂದರೆ ಬಿದಿರಿನ ದೊಡ್ಡ ಬುಟ್ಟಿ, ಅಷ್ಟೇ. ಅದರ ಹೊರಮೈಗೆ ಎಮ್ಮೆಯ ತೊಗಲು ಹೊದಿಸಿ, ತೊಗಲಿಗೆ ತೊಗಲು ಸೇರುವ ಕಡೆ ದಬ್ಬಳದಿಂದ ಹೊಲಿಯಬೇಕು. ನೀರು ಒಳಗೆ ಬರುವುದಿದ್ದರೆ ಆ ಹೊಲಿಗೆಯಿಂದಲೇ ಬರಬೇಕು. ಕೊಟ್ರವ್ವನ ಹೊಲಿಗೆಯಿಂದ ನಲವತ್ತು ವರ್ಷದಲ್ಲಿ ಒಂದು ಹನಿಯೂ ಬಂದಿರಲಿಲ್ಲ.

ಅವಳ ಗುಡಿಸಲು ಒಂದು ಬೇವಿನ ಮರದ ಕೆಳಗಿತ್ತು. ಜನ ಅದನ್ನು ಆಶ್ರಮ ಎನ್ನುತ್ತಿದ್ದರು. ಮನಸ್ಸು ಕೆಟ್ಟವರು, ದಾರಿ ತಪ್ಪಿದವರು, ಸುಮ್ಮನೆ ಹೊತ್ತು ಹೋಗದವರು ಎಲ್ಲ ಅಲ್ಲಿಗೆ ಬಂದು ಕೂರುತ್ತಿದ್ದರು. ಬಂದವರಿಗೆ ಅವಳು ಮಂತ್ರ ಕೊಡುತ್ತಿರಲಿಲ್ಲ. ಕೈಗೆ ದಬ್ಬಳ ಕೊಡುತ್ತಿದ್ದಳು. ಅರ್ಧಕ್ಕರ್ಧ ಜನ ಎರಡನೇ ದಿನವೇ ಗಂಟುಮೂಟೆ ಕಟ್ಟುತ್ತಿದ್ದರು.

ಕಟ್ಟದೆ ಕೊನೆಯ ತನಕ ಉಳಿದವನು ಹುಲುಗಪ್ಪ ಒಬ್ಬನೇ. ಇಪ್ಪತ್ತೆಂಟರ ಗಟ್ಟಿ ಆಳು. ಗುರುವಿನ ಹತ್ತಿರ ಆರು ವರ್ಷದಿಂದ ಇದ್ದ.

ಈ ಹುಲುಗಪ್ಪನಿಗೆ ಹೆದರಿಕೆ ಎಂಬುದೇ ಗೊತ್ತಿರಲಿಲ್ಲ. ಹೊಳೆಯ ನಡುವೆ ಕಾಗೆಬಂಡೆ ಅಂತ ಒಂದು ಬಂಡೆ, ಅದರ ಬುಡದಲ್ಲಿ ಸುಳಿ. ಆ ಬಂಡೆಯ ನೆತ್ತಿಯಿಂದ ಸುಳಿಗೆ ಧುಮುಕಿ, ನಗುತ್ತ ಎದ್ದು ಬರುತ್ತಿದ್ದವನು ಎರಡೂ ದಡದಲ್ಲಿ ಇವನೊಬ್ಬನೇ. ಒಮ್ಮೆ ನೆರೆಯ ಕೆಂಪು ನೀರಿನ ಹೊತ್ತಿನಲ್ಲಿ ತೇಲಿ ಹೋಗುತ್ತಿದ್ದ ಕರುವನ್ನು ಕೊರಳಿಗೆ ಹಾಕಿಕೊಂಡು ಈಜಿ ದಡ ಸೇರಿದ್ದ. ಕರು ಆಮೇಲೆ ಎರಡು ದಿನ ಇವನ ಬೆನ್ನು ಬಿಡಲಿಲ್ಲ.

ಒಂದು ದಿನ ಹೊಳೆ ದಾಟಲು ಬಂದ ಬಳೆಗಾರನೊಬ್ಬ ಇದನ್ನೆಲ್ಲ ಕೇಳಿ ಬೆರಗಾದ.

"ನಿನ್ನ ಶಿಷ್ಯ ಭಾರೀ ಧೈರ್ಯವಂತ ಬಿಡವ್ವ."

ಕೊಟ್ರವ್ವ ಎಲೆಗೆ ಸುಣ್ಣ ಸವರುತ್ತ ಹೇಳಿದಳು. "ಭಾರೀ ಸಾಹಸಿ."

"ಎರಡೂ ಒಂದೇ ಅಲ್ಲೇನು?"

"ಇವನ ಸಾಹಸ ನಾ ದಿನಾ ನೋಡ್ತೀನಿ. ಧೈರ್ಯ ಇನ್ನೂ ನೋಡಿಲ್ಲ."

ಆಚೆ ದಡ ಬಂದಾಗ ಬಳೆಗಾರ ತಲೆಯಾಡಿಸಿ ಇಳಿದು ಹೋದ. ಹುಲುಗಪ್ಪನಿಗೆ ಆ ಮಾತು ಮುಳ್ಳಿನ ಹಾಗೆ ನೆಟ್ಟಿತು. ಅವನು ಆ ಹೊತ್ತಿನ ಊಟವನ್ನೂ ಸರಿಯಾಗಿ ಮಾಡಲಿಲ್ಲ. ಮೂರು ರೊಟ್ಟಿ ಅವನ ಲೆಕ್ಕಕ್ಕೆ ಉಪವಾಸವೇ.

"ಯವ್ವಾ, ಏನು ಹಂಗಂದ್ರ? ಧೈರ್ಯ ಬ್ಯಾರೆ, ಸಾಹಸ ಬ್ಯಾರೆ ಏನು?"

"ಆ ಹಗ್ಗ ಸುತ್ತು."

"ಸುತ್ತೀನಿ. ಈಗ ಹೇಳು."

"ಸುತ್ತಿದ್ದು ಸರಿ ಆಗಿಲ್ಲ. ಬಿಚ್ಚಿ ಸುತ್ತು."

ಅಷ್ಟಕ್ಕೇ ಬಿಡುವ ಆಳಲ್ಲ ಅವನು. ಧೈರ್ಯ ನೋಡಿಲ್ಲ ಅಂದಳಲ್ಲ, ತೋರಿಸಿಯೇ ಬಿಡುತ್ತೇನೆ ಎಂದು ಹೊರಟ. ಹೊಳೆಯ ಮರಳದಿಬ್ಬದ ಮೇಲೆ ಆಗ ಒಂದು ಮೊಸಳೆ ಬಿಸಿಲು ಕಾಯಿಸುತ್ತ ಮಲಗುವುದಿತ್ತು. ಅದರ ಬಾಲದಿಂದ ಒಂದು ಮಾರು ದೂರದಲ್ಲಿ ಕೊಟ್ರವ್ವ ಹರಿಗೋಲು ನಡೆಸುವ ಹುಟ್ಟು ಬಿದ್ದಿತ್ತು. ಹುಲುಗಪ್ಪ ತುದಿಗಾಲಲ್ಲಿ ಹೋಗಿ, ಹುಟ್ಟು ಎತ್ತಿಕೊಂಡು, ತುದಿಗಾಲಲ್ಲೇ ವಾಪಸು ಬಂದ. ತಂದು ಗುರುವಿನ ಮುಂದೆ ಇಟ್ಟು ಎದೆ ಸೆಟೆಸಿ ನಿಂತ.

ಕೊಟ್ರವ್ವ ಹುಟ್ಟು ತಿರುಗಿಸಿ ನೋಡಿದಳು.

"ಇದನ್ನ ಅಲ್ಲಿ ಬಿಟ್ಟು ಬಂದವರು ಯಾರು?"

ಹುಲುಗಪ್ಪ ತಲೆ ಕೆರೆದುಕೊಂಡ. "ನಾನೇ. ನಿನ್ನೆ ಮರೆತಿದ್ದೆ."

"ಹಂಗಾದ್ರ ಸರಿಹೋತು ಬಿಡು," ಎಂದು ಅವಳು ಎಲೆ ಬಾಯಿಗೆ ಹಾಕಿಕೊಂಡಳು.

ಅವನಿಗೂ ನಗು ತಡೆಯಲಾಗಲಿಲ್ಲ. ಆದರೆ ಮುಳ್ಳು ಹಾಗೇ ಉಳಿಯಿತು.

ಆ ವರ್ಷ ಮಳೆಗಾಲದ ಕೊನೆಗೆ ಕೊಟ್ರವ್ವ ಅವನನ್ನು ಕರೆದಳು. "ನನ್ನ ತೋಳು ಸೋತಾವ, ಹುಲುಗಾ. ನಿನ್ನ ಹರಿಗೋಲು ನೀ ಕಟ್ಟು."

ಆರು ವರ್ಷದಿಂದ ಅವನು ಕಾದಿದ್ದ ಮಾತು ಇದು. ಅವನ ಕಣ್ಣು ತುಂಬಿ ಬಂದವು. ಅಡಗಿಸಲು ಹೋಗಿ ಹೊಳೆಯಲ್ಲಿ ಮುಖ ತೊಳೆದು ಬಂದ.

ಆ ದಂಡೆಯಲ್ಲಿ ಒಂದು ಪದ್ಧತಿ ಇತ್ತು. ಹೊಸ ಹರಿಗೋಲು ನೀರು ಮುಟ್ಟುವುದು ವರ್ಷಕ್ಕೆ ಒಂದೇ ದಿನ, ಸೀಗೆ ಹುಣ್ಣಿಮೆಯ ದಿನ. ಅದಕ್ಕೆ ಮೊದಲು ಅದನ್ನು ಪರೀಕ್ಷೆಗೆ ಅಂತಲೂ ನೀರಿಗೆ ಇಳಿಸುವಂತಿಲ್ಲ. ಅದರಲ್ಲಿ ಮೊದಲು ಕೂರುವವರು ಗುರು. ಶಿಷ್ಯ ಗುರುವನ್ನು ಆಚೆ ದಡ ಮುಟ್ಟಿಸಿದರೆ ಗುರು ತನ್ನ ಹುಟ್ಟನ್ನು ಅವನ ಕೈಗೆ ಕೊಡಬೇಕು. ಅಲ್ಲಿಂದ ಅವನೇ ಆ ದಂಡೆಯ ಅಂಬಿಗ. ಆಚೆ ದಡದವರು ಹೋಳಿಗೆ ಮಾಡಿಕೊಂಡು ಕಾಯುತ್ತಾರೆ. ಹುಣ್ಣಿಮೆ ತಪ್ಪಿತೋ, ಮತ್ತೆ ಒಂದು ವರ್ಷ.

ಹುಲುಗಪ್ಪ ಬಿದಿರು ಕಡಿದ, ಸೀಳಿದ, ಹೆಣೆದ. ಹಸಿ ತೊಗಲು ಎಳೆದು ಹೊದಿಸಿ ಹೊಲಿದ. ಹೊಲಿದದ್ದು ಚೆನ್ನಾಗಿಯೇ ಇತ್ತು, ಅದರಲ್ಲಿ ಎರಡು ಮಾತಿಲ್ಲ.

"ಇನ್ನ ಹದಿನೇಳು ದಿನ ನೆರಳಾಗ ಒಣಗಬೇಕು," ಎಂದಳು ಕೊಟ್ರವ್ವ. "ದಿನಾ ಮುಂಜಾನೆ ಹಸಿ ಬಟ್ಟೀಲೆ ಒರಸು. ತೊಗಲು ಸಾವಕಾಶ ಒಣಗಬೇಕು. ಅದಕ್ಕ ಅವಸರ ಆಗಬಾರದು, ನಿನಗೂ ಆಗಬಾರದು."

ತೊಗಲಿಗೆ ಅವಸರವಿರಲಿಲ್ಲ. ಹದಿಮೂರು ದಿನ ಕಳೆದರೂ ಜಿಟಿಜಿಟಿ ಮಳೆ ನಿಲ್ಲಲಿಲ್ಲ. ಎಲ್ಲ ಕಡೆ ಒಣಗುತ್ತ ಬಂದರೂ ತೊಗಲಿನ ಮೇಲೆ ತೊಗಲು ಬಂದಿದ್ದ ಒಂದು ಹೊಲಿಗೆ ಇನ್ನೂ ಹಸಿಹಸಿ. ಬೆರಳಿಟ್ಟರೆ ಒಳಕ್ಕೆ ಹೋಗುತ್ತಿತ್ತು. ಹುಣ್ಣಿಮೆಗೆ ಉಳಿದದ್ದು ನಾಲ್ಕು ದಿನ.

ಅಷ್ಟರಲ್ಲಿ ಕೊಟ್ರವ್ವ ತಮ್ಮನ ಮೊಮ್ಮಗಳ ತೊಟ್ಟಿಲ ಶಾಸ್ತ್ರಕ್ಕೆ ಅಂತ ಎರಡು ದಿನ ಪಕ್ಕದ ಊರಿಗೆ ಹೋದಳು.

ಮಧ್ಯಾಹ್ನ ಹುಲುಗಪ್ಪ ಹೊಲಿಗೆ ಮುಟ್ಟಿ ನೋಡಿದ. ಹಸಿ. ಆಕಾಶ ನೋಡಿದ. ಮೋಡ. ಒಲೆಗೆಂದು ಮೂಲೆಯಲ್ಲಿ ಪೇರಿಸಿಟ್ಟಿದ್ದ ಸಗಣಿಯ ಕುಳ್ಳು ಕಣ್ಣಿಗೆ ಬಿದ್ದವು.

ನಾಲ್ಕೇ ಕುಳ್ಳು, ಸಣ್ಣ ಉರಿ, ಒಂದೇ ಒಂದು ಗಳಿಗೆ ಅಂದುಕೊಂಡ. ಹರಿಗೋಲನ್ನು ಓರೆ ಮಾಡಿ ಆ ಹೊಲಿಗೆಯ ಕೆಳಗೆ ಬೆಂಕಿ ಇಟ್ಟ. ತೊಗಲು ಬಿಸಿಯಾಯಿತು, ಆವಿ ಎದ್ದಿತು, ಚೆಂದಾಗಿ ಬಿಗಿಯಾಯಿತು. ಅವನು ಖುಷಿಯಲ್ಲಿ ಸಿಳ್ಳೆ ಹಾಕಿದ.

ಆಗ 'ಟಿಕ್' ಎಂದಿತು.

ಬೆಂಕಿ ಎಳೆದು ಹಾಕಿ ಬಗ್ಗಿ ನೋಡಿದ. ಹೊಲಿಗೆಯ ಕೆಳಗೆ ಒಂದು ಸೀಳು, ಹೆಬ್ಬೆರಳಿನ ಉಗುರಿನಷ್ಟು ಉದ್ದ.

ಹುಲುಗಪ್ಪ ಅಲ್ಲೇ ಕೂತ. ಆ ತೊಗಲು ತೆಗೆದು ಬೇರೆ ಹೊದಿಸಬೇಕು, ಹೊಲಿಯಬೇಕು, ಮತ್ತೆ ಹದಿನೇಳು ದಿನ. ಹುಣ್ಣಿಮೆ ದಾಟಿ ಹೋಗುತ್ತದೆ. ಇನ್ನೊಂದು ವರ್ಷ ಹಗ್ಗ ಸುತ್ತಬೇಕು, ಬಿಚ್ಚಬೇಕು. ಅವನಿಗೆ ಅಳುವಷ್ಟು ದುಃಖವಾಯಿತು.

ಸ್ವಲ್ಪ ಹೊತ್ತಾದ ಮೇಲೆ ಎದ್ದು ರಾಳ ಕುಟ್ಟಿದ, ಹರಳೆಣ್ಣೆಯಲ್ಲಿ ಕಾಯಿಸಿ ಮೇಣ ಮಾಡಿದ, ಸೀಳಿಗೆ ತುಂಬಿ ನುಣ್ಣಗೆ ತೀಡಿದ. ತೀಡಿ ಮುಗಿದಾಗ ಆ ಹೊಲಿಗೆ ಉಳಿದ ಹೊಲಿಗೆಗಳಿಗಿಂತ ಚೆಂದ ಕಾಣುತ್ತಿತ್ತು.

ಸಾಕು ಬಿಡು, ಆಚೆ ದಡದ ತನಕ ತಡೀತದ ಅಂದುಕೊಂಡ. ತಡೀದಿದ್ದರೆ ಈಜಿದರಾಯಿತು, ನನಗೇನು ಈಜು ಬರುವುದಿಲ್ಲವೇ.

ಕೊಟ್ರವ್ವ ಮರಳಿ ಬಂದವಳೇ ಹರಿಗೋಲಿನ ಸುತ್ತ ಒಂದು ಸುತ್ತು ಬಂದಳು. ಅಂಗೈಯನ್ನು ತೊಗಲಿನ ಮೇಲೆ ಇಟ್ಟು ಸವರುತ್ತ ಬಂದಳು. ಆ ಹೊಲಿಗೆಯ ಹತ್ತಿರ ಅವಳ ಕೈ ಒಂದು ಕ್ಷಣ ನಿಂತಿತು. ಹುಲುಗಪ್ಪನ ಉಸಿರೂ ನಿಂತಿತು. ಕೈ ಮುಂದಕ್ಕೆ ಹೋಯಿತು.

"ಚಂದ ಹೊಲದೀ," ಎಂದಳು. ಆಮೇಲೆ ತೊಟ್ಟಿಲಿನಲ್ಲಿ ಎಷ್ಟು ಬಗೆಯ ಉಂಡೆ ಮಾಡಿದ್ದರು ಎಂದು ಹೇಳುತ್ತ ಕೂತಳು.

ಹುಣ್ಣಿಮೆಯ ದಿನ ಬಂತು. ಮಳೆ ಹೋಗಿ ಬಿಸಿಲು ಬಿದ್ದಿತ್ತು. ಹೊಳೆ ದಡದಿಂದ ದಡಕ್ಕೆ ತುಂಬಿಕೊಂಡು ತಣ್ಣಗೆ ಹರಿಯುತ್ತಿತ್ತು. ಈ ದಡದಲ್ಲಿ ಊರಿಗೆ ಊರೇ ನೆರೆದಿತ್ತು. ಡೊಳ್ಳಿನ ಮೂಕಪ್ಪ ಡೊಳ್ಳು ಬಿಗಿದುಕೊಂಡು ಬಂದಿದ್ದ. ಮೂಕಪ್ಪ ಅಂತ ಹೆಸರಿಟ್ಟವರಿಗೆ ಅವನ ಬಾಯಿ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ಆಚೆ ದಡದಲ್ಲಿ ಹೋಳಿಗೆ ಸುಡುವ ಹೊಗೆ ಏಳುತ್ತಿತ್ತು.

ಹರಿಗೋಲು ಹೊತ್ತು ತಂದು ದಡದಂಚಿನ ನೀರಿಗೆ ಇಳಿಸಿದರು. ಕೊಟ್ರವ್ವ ಹೊಸ ಸೀರೆ ಉಟ್ಟಿದ್ದಳು. ಮೆಟ್ಟು ಬಿಟ್ಟು, ಎಲೆಯಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿ, ತನ್ನ ಹಳೆಯ ಹುಟ್ಟು ಹಿಡಿದು, ಹುಲುಗಪ್ಪನ ಭುಜದ ಮೇಲೆ ಕೈಯೂರಿ ಒಳಗೆ ಇಳಿದಳು. ಇಳಿದವಳು ನೋಡಿ ನೋಡಿ ಆ ಹೊಲಿಗೆಗೇ ಬೆನ್ನು ಕೊಟ್ಟು, ಕಾಲು ಮಡಚಿ ಕೂತಳು.

"ನಡೀಲಿ," ಎಂದಳು. "ಹೋಳಿಗಿ ಬಿಸಿ ಇದ್ದಾಗ ತಿನ್ನಬೇಕು. ತುಪ್ಪ ತಂದಾರೋ ಇಲ್ಲೋ."

ಮೂಕಪ್ಪ ಡೊಳ್ಳು ಬಾರಿಸಿದ. ಹುಲುಗಪ್ಪ ಮೊಣಕಾಲು ನೀರಿನಲ್ಲಿ ನಿಂತು ಹರಿಗೋಲಿನ ಅಂಚು ಹಿಡಿದ. ತಳ್ಳಬೇಕು, ಹಾರಿ ಒಳಗೆ ಕೂರಬೇಕು. ಅಷ್ಟೇ ಕೆಲಸ.

ಅವನು ತಳ್ಳಲಿಲ್ಲ.

ಎದುರಿಗೆ ಕೂತಿದ್ದ ಮುದುಕಿಯನ್ನು ನೋಡಿದ. ಅವಳ ಬೆನ್ನ ಹಿಂದೆ ಮೇಣ ಮೆತ್ತಿದ್ದ ಕಡೆ ನೋಡಿದ. ಅದರಾಚೆ ನೀರು ನೋಡಿದ. ಒಡೆದರೆ ಈಜಿದರಾಯಿತು ಅಂದುಕೊಂಡಿದ್ದನಲ್ಲ, ಅಂದುಕೊಂಡಾಗ ಅವನ ಲೆಕ್ಕದಲ್ಲಿ ಅವನೊಬ್ಬನೇ ಇದ್ದ.

ಕಾಗೆಬಂಡೆಯ ಮೇಲೆ ಒಂದು ದಿನವೂ ಹಿಂಜರಿಯದವನು ಈಗ ಮೊಣಕಾಲು ನೀರಿನಲ್ಲಿ ಹಿಂಜರಿದ.

ತಡೀತದ, ಎಂದಿತು ಒಂದು ಮನಸ್ಸು. ಜೋರಾಗಿ ಹುಟ್ಟು ಹಾಕಿದರೆ ಎಷ್ಟು ಹೊತ್ತು? ಮುಳುಗಿದರೂ ಅವಳನ್ನು ಬೆನ್ನ ಮೇಲೆ ಹಾಕಿಕೊಂಡು ಈಜಬಹುದು, ಕರುವನ್ನೇ ಈಜಿಸಿದವನು. ಕರು ಹಸುವಿನ ಮಗು, ನಾಲ್ಕು ಕಾಲು ಬಡಿಯುತ್ತಿತ್ತು ಎಂದಿತು ಇನ್ನೊಂದು ಮನಸ್ಸು. ಇವಳು ಅದನ್ನೂ ಮಾಡುವುದಿಲ್ಲ, ಎಲೆಯಡಿಕೆ ಚೀಲ ಹಿಡಿದುಕೊಂಡೇ ಹೋಗಿಬಿಡುತ್ತಾಳೆ.

"ಏ ಹುಲುಗಾ, ನಿದ್ದಿ ಬಂತೇನು?" ಮೂಕಪ್ಪ ಬಾರಿಸುತ್ತಲೇ ಕೂಗಿದ. ಜನ ನಕ್ಕರು.

"ಯವ್ವಾ," ಎಂದ ಹುಲುಗಪ್ಪ. "ಕೆಳಗ ಇಳಿ."

"ಏನು?"

"ಇಳಿ ಅಂದೆ."

"ಡೊಳ್ಳಿನಾಗ ಕೇಳವಲ್ದು. ಗಟ್ಟಿ ಹೇಳು."

ಅವನು ಹಿಂದೆ ತಿರುಗಿದ. ಎರಡು ನೂರು ಮುಖ. ಕಾಗೆಬಂಡೆಯಿಂದ ಧುಮುಕಿದಾಗೆಲ್ಲ ಸಿಳ್ಳೆ ಹಾಕಿದ ಮುಖಗಳೇ. ಈಗ ಬಾಯಿ ಬಿಟ್ಟರೆ ಇವರೆಲ್ಲ ಏನನ್ನುತ್ತಾರೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಒಂದು ವರ್ಷ ಹೋಗುತ್ತದೆ. ಮುಂದಿನ ವರ್ಷ ಈ ಮುದುಕಿ ಮತ್ತೊಮ್ಮೆ 'ಕಟ್ಟು' ಅನ್ನುತ್ತಾಳೆ ಅಂತ ಯಾವ ನಂಬಿಕೆ? ಸುಳ್ಳು ಮೇಣ ಹಚ್ಚಿದವನ ಕೈಗೆ ಯಾವ ಗುರು ತನ್ನ ಹುಟ್ಟು ಕೊಡುತ್ತಾಳೆ?

ಅವನು ಕಣ್ಣು ಮುಚ್ಚಿದ. ಬಂಡೆಯ ಮೇಲೆ ಒಮ್ಮೆಯೂ ಮುಚ್ಚಿದ್ದಿಲ್ಲ.

"ಈ ಹರಿಗೋಲು ಸರಿ ಇಲ್ಲ," ಎಂದು ಕೂಗಿದ.

ಮೂಕಪ್ಪ ಸರಿಯಾಗಿ ಅದೇ ಗಳಿಗೆಗೆ ಡೊಳ್ಳು ನಿಲ್ಲಿಸಿದ್ದ. ಮಾತು ದಂಡೆಯ ತುಂಬ ಕೇಳಿಸಿತು. ಇನ್ನು ನುಂಗಲಿಕ್ಕೆ ಏನೂ ಉಳಿದಿರಲಿಲ್ಲ.

"ಆ ಹೊಲಿಗೀನ ಬೆಂಕಿಗೆ ಒಣಗ್ಸೀನಿ. ತೊಗಲು ಸೀಳೈತಿ. ಕಾಣದಂಗ ಮೇಣ ಮೆತ್ತೀನಿ. ಗೊತ್ತಿದ್ದೂ ನಿನ್ನ ಕುಂಡ್ರಿಸಿದೆ. ಇಳಿಯವ್ವ."

ಯಾರೋ ಲೊಚಗುಟ್ಟಿದರು. ಯಾರೋ "ಅಯ್ಯ ಶಿವನೇ" ಎಂದರು. ಹಿಂದಿನಿಂದ ಒಂದು ಕಿಸಕ್ ಎಂಬ ನಗುವೂ ಬಂತು. ಹುಲುಗಪ್ಪ ನೀರು ನೋಡುತ್ತ ನಿಂತ. ಬಯ್ಯಲಿ, ಹೊಡೆಯಲಿ, ಮೊದಲು ಇಳಿಯಲಿ ಅನ್ನಿಸಿತು.

ಕೊಟ್ರವ್ವ ಅವನ ಭುಜ ಹಿಡಿದು ಇಳಿದಳು. ಇಳಿದು, ಸೆರಗು ಸರಿ ಮಾಡಿಕೊಂಡು, ಹೆಬ್ಬೆರಳಿನಿಂದ ಆ ಮೇಣವನ್ನು ಒತ್ತಿದಳು. ಮೇಣ ಬಿಲ್ಲೆಯಂತೆ ಉದುರಿ ಬಿತ್ತು. ಸೀಳಿನಿಂದ ಹೊಳೆ ಹರಿಗೋಲಿನೊಳಕ್ಕೆ ಸಣ್ಣಗೆ, ಆರಾಮಾಗಿ ಬರತೊಡಗಿತು.

ಇಡೀ ದಂಡೆ ಕತ್ತು ಚಾಚಿ ನೋಡಿತು. ನಕ್ಕವನೂ ನೋಡಿದ.

ಕೊಟ್ರವ್ವ ಮಾತ್ರ ಹಲ್ಲಿಲ್ಲದ ಬಾಯಿ ಅಗಲಿಸಿ ನಗುತ್ತಿದ್ದಳು. ಅವಳ ಕಣ್ಣಲ್ಲಿ ನೀರು ಬಂದಿತ್ತು.

"ಮೂಕಪ್ಪಾ, ಯಾಕ ನಿಲ್ಲಿಸಿದಿ? ಬಾರಿಸು."

"ಏನಂತ ಬಾರಿಸ್ಲವ್ವ? ಹರಿಗೋಲು ತೂತು ಬಿದ್ದೈತಿ."

"ಆ ಬಳೆಗಾರಗ ಒಂದು ಮಾತು ಬಾಕಿ ಇಟ್ಟಿದ್ದೆ. ಇನ್ನೂ ನೋಡಿಲ್ಲ ಅಂದಿದ್ದೆ. ಅವ ಸಿಕ್ಕರ ಹೇಳು, ಕೊಟ್ರವ್ವ ಇವತ್ತು ನೋಡಿದ್ಲು ಅಂತ."

ಮೂಕಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಬಾರಿಸು ಅಂದರೆ ಬಾರಿಸದೆ ಇರುವವನಲ್ಲ ಅವನು. ಡೊಳ್ಳು ಮೊದಲಿಗಿಂತ ಜೋರಾಗಿ ಎದ್ದಿತು.

ಹುಲುಗಪ್ಪನಿಗೆ ಮಾತ್ರ ಪೂರ್ತಿ ತಿಳಿದಿತ್ತು. ಆರು ತಿಂಗಳಿನಿಂದ ನೆಟ್ಟಿದ್ದ ಮುಳ್ಳು ಯಾವಾಗ ಉದುರಿತು ಅಂತಲೇ ಅವನಿಗೆ ಗೊತ್ತಾಗಲಿಲ್ಲ.

"ಹೊಸ ಹರಿಗೋಲು ಬರೋ ಸೀಗಿ ಹುಣ್ಣಿವಿಗೆ," ಎಂದಳು ಕೊಟ್ರವ್ವ. "ಬಿದಿರು ಚಲೋ ಐತಿ. ಒಂದು ತೊಗಲು ಬದಲಿಸು. ಹದಿನೇಳು ದಿನ ನೆರಳಾಗ."

"ಹೂಂ."

"ಕುಳ್ಳು ಒಲಿಗೆ."

"ಹೂಂ, ಯವ್ವಾ."

"ಆದ್ರ ಹಳೇ ಹರಿಗೋಲಿಗೆ ಇವತ್ತ ಅಂಬಿಗ ಬೇಕಲ್ಲ." ಅವಳು ಕೈಯಲ್ಲಿದ್ದ ಹುಟ್ಟು ಅವನ ಕಡೆ ಚಾಚಿದಳು. "ಹಿಡಿ. ಮರಳದಿಬ್ಬದ ಮ್ಯಾಲೆ ಬಿಟ್ಟು ಬರಬ್ಯಾಡ."

ಹುಲುಗಪ್ಪ ಹುಟ್ಟು ಮುಟ್ಟಲಿಲ್ಲ. "ಆಚೆ ದಡ ಮುಟ್ಟಿಸಿದ ಮ್ಯಾಲೆ ಅಲ್ಲೇನು ಕೊಡೋದು?"

"ಹೌದು. ಮುಟ್ಟಿಸಲಿಲ್ಲೇನು ನೀ?"

ಅವನು ಎರಡೂ ಕೈಯಲ್ಲಿ ಹುಟ್ಟು ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡ. ಅತ್ತೂ ಬಿಟ್ಟ. ಈ ಸಲ ಮುಖ ತೊಳೆಯಲು ಹೋಗಲಿಲ್ಲ.

ಕೊಟ್ರವ್ವನ ಹಳೆಯ ಹರಿಗೋಲು ನೀರಿಗೆ ಇಳಿಯಿತು. ಗುರು, ಮೂಕಪ್ಪ, ಮೂಕಪ್ಪನ ಡೊಳ್ಳು, ಜಾಗ ಸಿಕ್ಕಷ್ಟು ಜನ. ಉಳಿದವರು ಸರದಿ ಹಿಡಿದು ದಂಡೆಯಲ್ಲಿ ನಿಂತರು. ಹುಲುಗಪ್ಪ ಹುಟ್ಟು ಹಾಕಿದ. ಹರಿಗೋಲು ಒಂದು ಸುತ್ತು ತಿರುಗಿ ದಾರಿ ಹಿಡಿಯಿತು.

ನಡುಹೊಳೆಯಲ್ಲಿ ಕಾಗೆಬಂಡೆ ಹತ್ತಿರ ಬಂತು. ಹುಲುಗಪ್ಪ ಅದರ ಕಡೆ ನೋಡಲೂ ಇಲ್ಲ. ಸುಳಿಯನ್ನು ದೂರ ಬಿಟ್ಟು ಬಳಸಿಕೊಂಡು ಹೋದ. ಆರು ವರ್ಷದಲ್ಲಿ ಅವನು ಹಾಗೆ ಬಳಸಿದ್ದು ಅದೇ ಮೊದಲು.

"ಯವ್ವಾ," ಎಂದ. "ನಿನಗ ಮೊದಲೇ ಗೊತ್ತಿತ್ತು."

"ಕೈ ಇಟ್ಟಾಗಲೇ ಗೊತ್ತಾತು. ಬೆಂಕಿಗೆ ಒಣಗಿದ ತೊಗಲು ಕಟಕ್ ರೊಟ್ಟಿ ಇದ್ದಂಗ ಇರತೈತಿ."

"ಗೊತ್ತಿದ್ದೂ ಹೋಗಿ ಕುಂತಿ. ಅದಕ್ಕೇ ಬೆನ್ನು ಕೊಟ್ಟು ಕುಂತಿ."

"ಕುಂತೆ."

"ಈಜು ಬರಂಗಿಲ್ಲ ನಿನಗ."

"ಬರಂಗಿಲ್ಲ."

ಹುಲುಗಪ್ಪ ಹುಟ್ಟು ಎತ್ತಿ ಹಿಡಿದು ನಿಲ್ಲಿಸಿದ. ಅವನಿಗೆ ಈಗ ಸಿಟ್ಟು ಬರುತ್ತಿತ್ತು, ಅದರ ಹಿಂದೆಯೇ ನಗುವೂ ಬರುತ್ತಿತ್ತು.

"ನಾ ಬಾಯಿ ಬಿಡದೇ ತಳ್ಳಿಬಿಟ್ಟಿದ್ರ? ನೀ ಮಾಡಿದ್ದು ಸಾಹಸಾನೋ, ಧೈರ್ಯಾನೋ? ಅದನ್ನಾದ್ರೂ ಹೇಳು."

ಕೊಟ್ರವ್ವ ಹೋಳಿಗೆಯ ಹೊಗೆಯ ಕಡೆ ನೋಡುತ್ತ, ಎಲೆಯಡಿಕೆ ಚೀಲ ಬಿಚ್ಚಿದಳು.

"ನಾ ಕುಂತದ್ದು ನೀ ಹೊಲಿದದ್ದರ ಮ್ಯಾಲೆ ಅಲ್ಲ, ಹುಲುಗಾ. ಆರು ವರ್ಷದಿಂದ ನಾ ಹೊಲಿದದ್ದರ ಮ್ಯಾಲೆ."